ಸಹಾಯ ಬೇಕು: ಎರಡು ಪ್ರೊಟೊಕಾಲ್ ಜೋಡಿಸಿದರೆ ನಿಂತುಬಿಡುತ್ತಿದೆ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಅಪಾರ್ಟ್‌ಮೆಂಟ್ ಸಂಪಿನ ನೀರಿನ ಮಟ್ಟ ಕಳಿಸುವ ಮೀಟರ್ ಮಾಡುತ್ತಿದ್ದೇವೆ.

ಮೀಟರ್ ಮತ್ತು ಸರ್ವರ್ ಮಾತಾಡಿಕೊಳ್ಳಲು ಎರಡು ಚಿಕ್ಕ ಪ್ರೊಟೊಕಾಲ್ (ಸಂದೇಶ ವಿನಿಮಯದ ನಿಯಮಗಳು) ಬರೆದೆ. ಒಂದು ಮೀಟರ್‌ನ ಗುರುತು ಪರೀಕ್ಷಿಸುತ್ತದೆ. ಇನ್ನೊಂದು ರೀಡಿಂಗ್ ಕಳಿಸಿ 'ತಲುಪಿತು' ಎಂಬ ಉತ್ತರಕ್ಕೆ ಕಾಯುತ್ತದೆ. ಬೇರೆ ಬೇರೆಯಾಗಿ ಎರಡೂ ಸರಿಯಾಗಿವೆ. ಜೋಡಿಸಿದಾಗ ತೊಂದರೆ. ರೀಡಿಂಗ್ ಹೋದ ಮೇಲೆ ಗುರುತಿನ ಕೀ (ರಹಸ್ಯ ಸಂಕೇತ) ಅವಧಿ ಮುಗಿದರೆ, ಸರ್ವರ್ ಮೊದಲು ಗುರುತು ತೋರಿಸು ಅನ್ನುತ್ತದೆ. ಮೀಟರ್ ಮಾತ್ರ 'ತಲುಪಿತು' ಬರುವ ತನಕ ಬೇರೇನೂ ಓದುವುದಿಲ್ಲ. ಇಬ್ಬರೂ ಕಾಯುತ್ತಾ ಕೂರುತ್ತಾರೆ.

ಸುಮ್ನೆ ಟೈಮ್‌ಔಟ್ (ಇಷ್ಟು ಹೊತ್ತು ಕಾದು ಬಿಟ್ಟುಬಿಡುವುದು) ಹಾಕಲು ಮನಸ್ಸಿಲ್ಲ, ತಪ್ಪು ಒಳಗೇ ಉಳಿಯುತ್ತದೆ ಅಲ್ವಾ? ಇಂಟರ್‌ನೆಟ್ ಸಂಪರ್ಕವನ್ನು ಭದ್ರವಾಗಿಡುವ ಟಿಎಲ್‌ಎಸ್ ಪ್ರೊಟೊಕಾಲ್‌ನಲ್ಲೂ 2009ರಲ್ಲಿ ಜೋಡಣೆಯ ದೋಷವೇ ಸಿಕ್ಕಿತ್ತು: ನಡುವೆ ಮತ್ತೆ ಮಾಡುವ ಹ್ಯಾಂಡ್‌ಶೇಕ್‌ಗೆ (ಗುರುತು, ಕೀ ಒಪ್ಪಿಕೊಳ್ಳುವ ಹಂತಕ್ಕೆ) ಹಿಂದಿನದರ ಜೊತೆ ಕೊಂಡಿ ಇರಲಿಲ್ಲ. 2018ರ ಟಿಎಲ್‌ಎಸ್ 1.3ರಲ್ಲಿ ಆ ಸೌಲಭ್ಯವನ್ನೇ ತೆಗೆದರು.

ನಾನೂ ರೀಡಿಂಗ್ ಮುಗಿಯುವ ತನಕ ಗುರುತು ಕೇಳುವುದನ್ನು ತಡೆಯಲೇ? ಅಥವಾ ಎರಡು ಪ್ರೊಟೊಕಾಲ್‌ಗಳ ಸ್ಥಿತಿಗಳನ್ನೂ (ಯಾವ ಹಂತದಲ್ಲಿದೆ ಎಂಬುದನ್ನು) ಸೇರಿಸಿ ಒಂದೇ ಪಟ್ಟಿ ಮಾಡಲೇ? ಒಂದರಲ್ಲಿ 4, ಇನ್ನೊಂದರಲ್ಲಿ 5 ಸ್ಥಿತಿಗಳಿವೆ, ಸೇರಿದರೆ 20 ಜೋಡಿ. ಪ್ರೊಟೊಕಾಲ್ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಎಂದು ಹುಡುಕುವ ಸ್ಪಿನ್ ಟೂಲ್‌ನಲ್ಲಿ, ಅದರ ಭಾಷೆಯಾದ ಪ್ರೊಮೆಲಾದಲ್ಲಿ ಬರೆದು ಇಂಥದ್ದನ್ನು ಪರೀಕ್ಷಿಸಿದವರು ಇದ್ದೀರಾ? ಭಾನುವಾರ ಮಲ್ಲೇಶ್ವರದ ಕಡೆ ಸಿಕ್ಕರೆ ಲ್ಯಾಪ್‌ಟಾಪ್ ತಂದು ತೋರಿಸುತ್ತೇನೆ.