ಲೆಕ್ಕದ ಪ್ರಕಾರ 25 ಸೆಂ.ಮೀ. ಸಾಕು, ಆದರೂ ಗೋಲಿ ಲೂಪ್ ದಾಟುತ್ತಿಲ್ಲ

ಪ್ರಶ್ನೆ:
ಮಗಳ ವಿಜ್ಞಾನ ಮೇಳಕ್ಕೆ ಎರಡು ಜಿಐ ತಂತಿ ಬಗ್ಗಿಸಿ ಹಳಿ ಮಾಡಿದ್ದೇನೆ. ಗೋಲಿ ಅದರ ಮೇಲೆ ಉರುಳಿ ಬಂದು ಲೂಪ್ ಸುತ್ತಬೇಕು. ಗೋಲಿಯ ಮಧ್ಯಬಿಂದು ಸಾಗುವ ದಾರಿಯ ತ್ರಿಜ್ಯ 10 ಸೆಂ.ಮೀ. ಪಿಯುಸಿಯಲ್ಲಿ ಕಲಿತದ್ದು ನೆನಪಿದೆ: ನೆತ್ತಿಯಲ್ಲಿ ವೇಗದ ವರ್ಗ ಕನಿಷ್ಠ ಗುರುತ್ವ × ತ್ರಿಜ್ಯ ಇರಬೇಕು, ಅದಕ್ಕೆ ತ್ರಿಜ್ಯದ ಎರಡೂವರೆ ಪಟ್ಟು ಎತ್ತರದಿಂದ ಬಿಡಬೇಕು. ಅಂದರೆ 25 ಸೆಂ.ಮೀ. ಆದರೆ 25ರಿಂದ ಬಿಟ್ಟರೆ ನೆತ್ತಿ ಮುಟ್ಟುವ ಮೊದಲೇ ಹಳಿ ಬಿಟ್ಟು ಟಪ್ ಅಂತ ಬೀಳುತ್ತದೆ. 28ಕ್ಕೂ ಅದೇ ಕತೆ. 31ಕ್ಕೆ ದಾಟಿತು. ಅಷ್ಟೇ ಗಾತ್ರದ ಉಕ್ಕಿನ ಗುಂಡು ಹಾಕಿದೆ, ವ್ಯತ್ಯಾಸ ಇಲ್ಲ. ಶಕ್ತಿ ಎಲ್ಲಿ ಹೋಗುತ್ತಿದೆ?

ಉತ್ತರ 1:
ಘರ್ಷಣೆ ಇರಬೇಕು. ತಂತಿಗೆ ಸ್ವಲ್ಪ ಎಣ್ಣೆ ಸವರಿ ನೋಡಿ.

ಉತ್ತರ 2:
ದಯವಿಟ್ಟು ಎಣ್ಣೆ ಹಾಕಬೇಡಿ. ಗೋಲಿ ಅರ್ಧ ಜಾರಿ ಅರ್ಧ ಉರುಳಿದರೆ ಯಾವ ಲೆಕ್ಕವೂ ಕೂಡುವುದಿಲ್ಲ. ಎರಡೂವರೆ ಪಟ್ಟು ಅನ್ನುವುದು ಘರ್ಷಣೆ ಇಲ್ಲದೆ ಜಾರುವ ವಸ್ತುವಿನ ಲೆಕ್ಕ. ನಿಮ್ಮದು ಉರುಳುತ್ತದೆ, ಅಲ್ವಾ? ಸುತ್ತುವುದಕ್ಕೂ ಶಕ್ತಿ ಬೇಕು. ಎಲ್ಲವನ್ನೂ ಎತ್ತರದಲ್ಲೇ ಅಳೆಯೋಣ. ನೆತ್ತಿಗೆ ಏರಲು 20 ಸೆಂ.ಮೀ., ಅಲ್ಲಿ ಬೀಳದೆ ಓಡಲು 5, ಗಟ್ಟಿ ಗುಂಡು ಸುತ್ತಲು 2. ಒಟ್ಟು 27. ತೂಕ ಎರಡೂ ಕಡೆ ಒಂದೇ ಸಮ ಬಂದು ಹೊಡೆದು ಹೋಗುತ್ತದೆ. ಉಕ್ಕಿನ ಗುಂಡು ಬೇರೆ ಥರ ನಡೆದುಕೊಳ್ಳದಿರುವುದು ಅದಕ್ಕೇ.

ಇನ್ನೂ 4 ಸೆಂ.ಮೀ. ಬಾಕಿ ಇದೆ. ಹಳಿಯ ಅಗಲ ಎಷ್ಟು? ಎತ್ತರವನ್ನು ಗೋಲಿಯ ಮಧ್ಯದಿಂದ ಮಧ್ಯಕ್ಕೇ ಅಳೆದಿದ್ದೀರಾ?

ಪ್ರಶ್ನೆ ಕೇಳಿದವರು:
ಹೌದು, ಮಧ್ಯದಿಂದಲೇ. ಗೋಲಿಯ ವ್ಯಾಸ 16 ಮಿ.ಮೀ. ಅದು ತಂತಿಗೆ ತಾಗುವ ಎರಡು ಜಾಗಗಳ ನಡುವೆ 12 ಮಿ.ಮೀ.

ಉತ್ತರ 2:
ಸಿಕ್ಕಿತು! ಗೋಲಿ ಹಳಿಗಳ ನಡುವೆ ತಗ್ಗಿ ಕೂತಿದೆ. ಅದು 8 ಮಿ.ಮೀ. ತ್ರಿಜ್ಯದ ಮೇಲೆ ಉರುಳುತ್ತಿಲ್ಲ, 5.3ರ ಮೇಲೆ ಉರುಳುತ್ತಿದೆ (64ರಿಂದ 36 ಕಳೆದು ವರ್ಗಮೂಲ ತೆಗೆಯಿರಿ). ಅಷ್ಟೇ ದೂರಕ್ಕೆ ಒಂದೂವರೆ ಪಟ್ಟು ಜಾಸ್ತಿ ಸುತ್ತಬೇಕು. ಸುತ್ತುವ ಶಕ್ತಿ ಇದರ ವರ್ಗದಂತೆ ಏರುತ್ತದೆ, ಸುಮಾರು 2.3 ಪಟ್ಟು. ಆ 2 ಸೆಂ.ಮೀ. ಈಗ 4.6 ಆಯಿತು. ಒಟ್ಟು 29.6. ಉಳಿದದ್ದು ನಿಜವಾದ ನಷ್ಟ: ತಂತಿಯ ಅಲುಗಾಟ, ಜೋಡಣೆಯಲ್ಲಿ ಟಿಕ್ ಅನ್ನುವ ಪೆಟ್ಟು, ಉರುಳುವಾಗಿನ ಘರ್ಷಣೆ. ನನ್ನ ಮಾತು ಸರಿಯೋ ಅಂತ ನೀವೇ ಪರೀಕ್ಷೆ ಮಾಡಿ. ಅಂತರವನ್ನು 8 ಮಿ.ಮೀ.ಗೆ ಇಳಿಸಿದರೆ ಲೆಕ್ಕ ಸುಮಾರು 27.7ಕ್ಕೆ ಬರಬೇಕು.

ಪ್ರಶ್ನೆ ಕೇಳಿದವರು:
ರಾತ್ರಿ ಕೂತು ತಂತಿ ಹತ್ತಿರ ಮಾಡಿದೆ. 28ಕ್ಕೆ ನೆತ್ತಿಯ ಹತ್ತಿರ ಹೋಗಿ ಬಿತ್ತು. 29ಕ್ಕೆ ಐದಕ್ಕೆ ಐದು ಸಲವೂ ದಾಟಿತು. ಮಗಳು ಈಗ ಎರಡೂ ಹಳಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ ಅಂತಿದ್ದಾಳೆ. ಅಗಲದ ಹಳಿ ಇನ್ನೊಂದು ಮಾಡಲು ತಂತಿ ತರಬೇಕು.