‘ಬರ್’ ತೆಗೆಯುವುದಕ್ಕೆ ‘ಸಿಬಿರು ತೆಗೆಯುವುದು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಐಟಿಐ ಮುಗಿಸಿ ಹೊಸದಾಗಿ ಸೇರುವ ಹುಡುಗರಿಗಾಗಿ ಫಿಟ್ಟಿಂಗ್ ಬೆಂಚಿನ ಹತ್ತಿರ ಕನ್ನಡದಲ್ಲಿ ಒಂದು ಬೋರ್ಡು ಹಾಕಬೇಕಾಗಿದೆ. ಬರೆಯಲು ಕೂತು ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಡ್ರಾಯಿಂಗಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಮಾತು ಒಟ್ಟಿಗೇ ಇರುತ್ತವೆ: ‘ಬರ್’ ಎಲ್ಲ ತೆಗೆಯಿರಿ, ಶಾರ್ಪ್ ಎಡ್ಜ್ ‘ಬ್ರೇಕ್’ ಮಾಡಿ. ಇವೆರಡಕ್ಕೂ ಕನ್ನಡದಲ್ಲಿ ಏನು ಬರೆಯಲಿ?

ಬರ್ ನೋಡಿಲ್ಲದವರಿಗೆ ಹೇಳುತ್ತೇನೆ. ಕಬ್ಬಿಣದ ಪಟ್ಟಿಗೆ ತೂತು ಕೊರೆದು ತಿರುಗಿಸಿ ನೋಡಿ. ಡ್ರಿಲ್ ಹೊರಬಂದ ಕಡೆ ತೂತಿನ ಸುತ್ತ ತೆಳ್ಳಗೆ, ಹಲ್ಲುಹಲ್ಲಾಗಿ ಏನೋ ಎದ್ದಿರುತ್ತದೆ. ಅಲ್ಲಿ ಲೋಹಕ್ಕೆ ಹಿಂದಿನಿಂದ ಆಸರೆ ಇಲ್ಲ. ಕೊನೆಯ ಪದರ ಕತ್ತರಿಸಿ ಬೀಳದೆ ಬಾಗಿ ಹೊರಕ್ಕೆ ಮಗುಚಿಕೊಳ್ಳುತ್ತದೆ. ಅಲ್ಯುಮಿನಿಯಂ, ಮೈಲ್ಡ್ ಸ್ಟೀಲ್‌ಗಳಲ್ಲಿ ಇದು ಜಾಸ್ತಿ. ಬೀಡು, ಅಂದರೆ ಎರಕದ ಕಬ್ಬಿಣ, ಪುಡಿಪುಡಿಯಾಗಿ ಉದುರುತ್ತದೆ, ಅದರಲ್ಲಿ ಕಡಿಮೆ. ಟೂಲ್ ಮೊಂಡಾದಷ್ಟೂ ಬರ್ ದೊಡ್ಡದು. ಸಣ್ಣದಲ್ವಾ ಅಂತ ಬಿಡುವ ಹಾಗಿಲ್ಲ. ಹೈಡ್ರಾಲಿಕ್ ವಾಲ್ವಿನೊಳಗೆ ಒಂದು ಚೂರು ಕಳಚಿಕೊಂಡರೆ ಸಾಕು, ಎಣ್ಣೆಯ ಜೊತೆ ಹರಿದು, ಒಳಗೆ ಹಿಂದೆಮುಂದೆ ಜಾರುವ ಸ್ಪೂಲಿಗೆ ಗೀರು ಹಾಕುತ್ತದೆ.

ಶಾಪಿನಲ್ಲಿ ನಾವೆಲ್ಲ ‘ಬರ್ ತೆಗಿ’ ಅಂತಲೇ ಅನ್ನುವುದು. ಆದರೆ ಅದನ್ನು ತೆಗೆಯಲು ಗ್ರೈಂಡರಿಗೆ ಸಿಕ್ಕಿಸುವ ಹಲ್ಲುಳ್ಳ ಟೂಲಿಗೂ ‘ಬರ್’ ಅಂತಲೇ ಹೆಸರು. ಹೊಸಬರು ತಬ್ಬಿಬ್ಬಾಗುತ್ತಾರೆ. ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ಬರ್ ಅಂದರೆ ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಬೀಜವೂ ಹೌದು, ನಮ್ಮ ಉತ್ತರಾಣಿ ಪಂಚೆಗೆ ಹತ್ತಿಕೊಳ್ಳುತ್ತದಲ್ಲ, ಹಾಗೆ. ಜರ್ಮನಿಯವರು ಇದಕ್ಕೆ ‘ಗ್ರಾಟ್’ ಅನ್ನುತ್ತಾರೆ, ಬೆಟ್ಟದ ಏಣು, ಅಂದರೆ ನೆತ್ತಿಯ ಚೂಪು ಸಾಲು, ಅದಕ್ಕೂ ಅದೇ ಪದ. ಅವರವರ ಮಾತಿನಲ್ಲಿ ಕೇಳಿದ ಕೂಡಲೇ ಒಂದು ಚಿತ್ರ ಮೂಡುತ್ತದೆ. ನಮ್ಮ ಹುಡುಗರಿಗೆ ‘ಬರ್’ ಅಂದರೆ ಯಾವ ಚಿತ್ರವೂ ಮೂಡುವುದಿಲ್ಲ.

ನನಗೆ ಹೊಳೆದದ್ದು ‘ಸಿಬಿರು’. ಹಲಗೆ ಕೊಯ್ದಾಗ ಏಳುತ್ತದಲ್ಲ, ಬೆರಳಿಗೆ ಚುಚ್ಚುತ್ತದಲ್ಲ, ಅದೇ. ಸಿಬಿರು ಮರದ್ದು, ಲೋಹಕ್ಕೆ ಹೇಗೆ ಒಪ್ಪುತ್ತದೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಹೋದ ವಾರ ಒಬ್ಬ ಹುಡುಗನಿಗೆ ಸುಮ್ನೆ ‘ಸಿಬಿರು ಇದೆಯಾ ನೋಡಪ್ಪ’ ಅಂದೆ. ಅವನು ಪೀಸನ್ನು ತಿರುಗಿಸಿ, ಮೈಮೇಲಿಂದ ಅಂಚಿನ ಕಡೆಗೆ ಉಗುರು ಎಳೆದು ನೋಡಿದ. ಉಗುರು ತಡೆಯಿತು. ಅರ ಕೈಗೆತ್ತಿಕೊಂಡ. ನಾನು ಬೇರೇನೂ ವಿವರಿಸಿರಲಿಲ್ಲ. ಏಣು ಅನ್ನೋಣವೆಂದರೆ ಅದು ಅಂಚಿಗೇ ಹೆಸರಾಗಿಬಿಡುತ್ತದೆ, ಅಂಚಿನ ಮೇಲೆ ಎದ್ದದ್ದಕ್ಕಲ್ಲ.

ಎರಡನೆಯ ಮಾತೇ, ಅಂದರೆ ಚೂಪು ಅಂಚನ್ನು ಚೂರೇ ತಗ್ಗಿಸಿ ಅನ್ನುವ ‘ಬ್ರೇಕ್’, ಕಷ್ಟದ್ದು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಯಾರೋ ಅದನ್ನು ‘ಅಂಚು ಮುರಿಯಿರಿ’ ಅಂತ ಬರೆದು ಅಂಟಿಸಿದ್ದರು. ಹೊಸ ಹುಡುಗನೊಬ್ಬ ಅದನ್ನು ಓದಿ ಐದು ಪೀಸುಗಳ ಅಂಚನ್ನು ಗ್ರೈಂಡರಿನಲ್ಲಿ 2 ಮಿ.ಮೀ. ಹೊಡೆದುಹಾಕಿದ. ಬೇಕಾಗಿದ್ದದ್ದು 0.2ರಿಂದ 0.5 ಮಿ.ಮೀ. ಮಾತ್ರ. ಐದೂ ಸ್ಕ್ರಾಪ್‌ಗೆ ಹೋದವು, ಬೈಗುಳ ಅವನಿಗೆ. ತಪ್ಪು ಅವನದಲ್ಲ, ಆ ಪದದ್ದು. ಮುರಿ ಅಂದರೆ ನಮಗೆ ತುಂಡಾಗುವುದು ತಾನೆ?

ಇವು ಎರಡು ಬೇರೆ ಕೆಲಸ ಅನ್ನುವುದೂ ಪದದಲ್ಲಿ ಕಾಣಬೇಕು. ಡ್ರಾಯಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13715ರಲ್ಲಿ ಅಂಚಿಗೆಂದೇ ಒಂದು ಗುರುತು ಇದೆ. ಹೊರ ಅಂಚಿಗೆ ಪ್ಲಸ್ ಹಾಕಿ ಅಳತೆ ಬರೆದಿದ್ದರೆ ಅಷ್ಟು ಸಿಬಿರು ಇರಬಹುದು. ಮೈನಸ್ ಹಾಕಿದ್ದರೆ ಸಿಬಿರು ಹೋಗಿ ಅಂಚೂ ಅಷ್ಟು ತಗ್ಗಿರಬೇಕು. ಸಿಬಿರು ಹೋದ ಮೇಲೂ ಅಂಚು ಚೂಪಾಗಿಯೇ ಇದ್ದು ಕೈ ಕೊಯ್ಯಬಹುದು. ಅದಕ್ಕೆ ‘ಚೂಪು ಸವರಿ’ ಅನ್ನೋಣ ಅನಿಸುತ್ತದೆ, ಕೊಂಬೆ ಸವರುವ ಹಾಗೆ. ಎಣ್ಣೆ ಸವರು ಅಂತ ಯಾರಾದರೂ ತಿಳಿದುಕೊಂಡಾರೇ ಎಂಬ ಅನುಮಾನ ಇದೆ. ‘ಚೂಪು ತೆಗೆಯಿರಿ’ ಸಾಕೇ?

ನಿಮ್ಮ ಕಡೆ ಸಿಬಿರು ಅನ್ನುತ್ತೀರೋ, ಸಿಗುರೋ, ಸಿಬರೋ? ಕಮ್ಮಾರರ ಮನೆಯವರು, ಕುಲುಮೆಯ ಹತ್ತಿರ ಬೆಳೆದವರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ. ಕುಡುಗೋಲಿಗೆ ಸಾಣೆ ಹಿಡಿದಾಗ ಬಾಯಿಯ ಒಂದು ಮಗ್ಗುಲಿಗೆ ತೆಳ್ಳನೆಯ ಎಳೆ ಮಗುಚಿಕೊಳ್ಳುತ್ತದೆ. ಅದೂ ಇದೇ ಬರ್. ಅದನ್ನು ನಿಮ್ಮ ಮನೆಯಲ್ಲಿ ಏನಂತ ಕರೆಯುತ್ತಿದ್ದರು?