ಐರಿಸ್ ಗೆಡ್ಡೆ ಕಿತ್ತು ನೆಡುವುದು ಯಾವಾಗ, ಎಷ್ಟು ಆಳಕ್ಕೆ?

ಪ್ರಶ್ನೆ (ಸದಸ್ಯೆ, ಒಹಾಯೊ, ಅಮೆರಿಕ): ನಮಸ್ಕಾರ ಸರ್. ನಾವು ಕೊಂಡ ಮನೆಯ ಬೇಲಿಯುದ್ದಕ್ಕೂ ಹಿಂದಿನವರು ನೆಟ್ಟ ನೇರಳೆ ಬಣ್ಣದ ಬಿಯರ್ಡೆಡ್ ಐರಿಸ್ (ದಳದ ಮೇಲೆ ಗಡ್ಡದಂಥ ರೋಮಸಾಲಿರುವ ಐರಿಸ್ ಹೂ) ಗಿಡಗಳಿವೆ. ಮೊದಮೊದಲು ಮೇ ಕೊನೆಯಲ್ಲಿ ಚೆನ್ನಾಗಿ ಹೂ ಬಿಡುತ್ತಿದ್ದವು. ಈ ಸಲ ಎಲೆ ಒತ್ತೊತ್ತಾಗಿ ಬೆಳೆದಿದೆಯೇ ಹೊರತು ಹೂ ತೀರ ಕಡಿಮೆ. ಗೆಡ್ಡೆಗಳು ಒಂದರ ಮೇಲೊಂದು ಹತ್ತಿಕೊಂಡು ಮಣ್ಣಿನ ಮೇಲೆ ಕಾಣುತ್ತಿವೆ. ಊರಿನಲ್ಲಿ ಶುಂಠಿ, ಅರಿಶಿನ ಹಾಕುವಂತೆ ಇವನ್ನು ಕಿತ್ತು ಮಣ್ಣಿನಲ್ಲಿ ಮುಚ್ಚಿ ನೆಡಬಹುದೆ? ಜುಲೈ ಬಿಸಿಲಿನಲ್ಲಿ ಕಿತ್ತರೆ ಗಿಡ ಸಾಯುವುದಿಲ್ಲವೆ?

ಉತ್ತರ: ನಮಸ್ಕಾರ ಮೇಡಂ. ಕೀಳುವುದಕ್ಕೆ ಇದೇ ಸರಿಯಾದ ಕಾಲ. ಹೂ ಮುಗಿದು ನಾಲ್ಕರಿಂದ ಆರು ವಾರ ಕಳೆದ ಮೇಲೆ ಈ ಗಿಡ ಅರೆನಿದ್ದೆಗೆ ಜಾರುತ್ತದೆ; ಆಗ ಕಿತ್ತರೆ ಅದಕ್ಕೆ ಹೆಚ್ಚು ಪೆಟ್ಟಾಗುವುದಿಲ್ಲ, ಹಿಮ ಬೀಳುವ ಮೊದಲು ಹೊಸ ಬೇರು ಬಿಡಲು ಸಮಯವೂ ಸಿಗುತ್ತದೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಬೇರ್ಪಡಿಸದಿದ್ದರೆ ಗೆಡ್ಡೆಗಳು ಒಂದನ್ನೊಂದು ಒತ್ತಿ ಹೂ ಕಡಿಮೆಯಾಗುವುದು ಸಹಜ.

ಆದರೆ ಶುಂಠಿಯ ಲೆಕ್ಕ ಇಲ್ಲಿ ಬೇಡ. ಐರಿಸ್ ಗೆಡ್ಡೆಯ ಬೆನ್ನಿಗೆ ಬಿಸಿಲು ತಾಗಬೇಕು. ಆಳದಲ್ಲಿ ಹೂತರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಮಣ್ಣು ಜಿಗುಟಾಗಿದ್ದರೆ ಗೆಡ್ಡೆಯೇ ಕೊಳೆಯುತ್ತದೆ. ಗಾರ್ಡನ್ ಫೋರ್ಕ್‌ನಿಂದ ಬುಡವನ್ನು ಇಡಿಯಾಗಿ ಎತ್ತಿ, ಮಣ್ಣು ಕೊಡವಿ, ಎಲೆಗಳನ್ನು ಸುಮಾರು 15 ಸೆಂಟಿಮೀಟರಿಗೆ ಬೀಸಣಿಗೆಯಾಕಾರದಲ್ಲಿ ಕತ್ತರಿಸಿ. ನಡುವಿನ ಹಳೆಯ ತಾಯಿಗೆಡ್ಡೆ ಮತ್ತೆ ಹೂ ಬಿಡುವುದಿಲ್ಲವಾದ್ದರಿಂದ ಅದನ್ನು ಎಸೆದು, ಒಂದು ಕಟ್ಟು ಎಲೆಯೂ ಗಟ್ಟಿ ಬೇರುಗಳೂ ಇರುವ ಅಂಚಿನ ಮರಿಗೆಡ್ಡೆಗಳನ್ನು ಮಾತ್ರ ಉಳಿಸಿಕೊಳ್ಳಿ. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಗೆಡ್ಡೆಯನ್ನು ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು, ಗೆಡ್ಡೆಯ ಮೇಲ್ಭಾಗ ಕಾಣುವಷ್ಟಕ್ಕೇ ಮಣ್ಣು ತುಂಬಿ ಒತ್ತಿರಿ. ಗಿಡದಿಂದ ಗಿಡಕ್ಕೆ 30ರಿಂದ 60 ಸೆಂಟಿಮೀಟರ್ ಅಂತರವಿರಲಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಜಾಗವಾದರೆ, ಅದು ಎಷ್ಟೇ ಚಂದ ಕಂಡರೂ ಬಿಟ್ಟುಬಿಡಿ. ಕಿತ್ತು ನೆಟ್ಟ ಒಂದೆರಡು ಗಿಡಗಳು ಬರುವ ವರ್ಷ ಹೂ ಬಿಡದೆ ಇರಬಹುದು. ಆಗ ಅವಸರಪಟ್ಟು ಮತ್ತೆ ಕೀಳಬೇಡಿ.

ಪ್ರಶ್ನೆ (ಅದೇ ಸದಸ್ಯೆ): ನೀವು ಹೇಳಿದಂತೆ ಒಂದು ಬುಡವನ್ನು ಎತ್ತಿದೆ. ಎರಡು ಗೆಡ್ಡೆ ಕೈಗೆ ಮೆತ್ತಗಾಗಿ, ಸಹಿಸಲಾಗದ ನಾತ ಬರುತ್ತಿದೆ. ಒಂದರೊಳಗೆ ಬೆರಳುದ್ದದ ನಸುಗೆಂಪು ಹುಳು ಸಿಕ್ಕಿತು. ಎಲ್ಲವನ್ನೂ ಎಸೆಯಬೇಕೆ?

ಉತ್ತರ: ಎಲ್ಲವನ್ನೂ ಎಸೆಯಬೇಕಿಲ್ಲ. ನಿಮಗೆ ಸಿಕ್ಕಿದ್ದು ಐರಿಸ್ ಬೋರರ್, ಅಂದರೆ ಗೆಡ್ಡೆ ಕೊರೆಯುವ ಹುಳು. ಅಮೆರಿಕದ ಪೂರ್ವ ಮತ್ತು ಮಧ್ಯಪಶ್ಚಿಮ ಭಾಗಗಳಲ್ಲಿ ಈ ಗಿಡಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಇದರ ಪತಂಗ ಶರತ್ಕಾಲದಲ್ಲಿ ಬುಡದ ಒಣ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೊರಬಂದ ಮರಿ ಎಲೆಯನ್ನು ಕೊರೆಯುತ್ತ ಕೆಳಗಿಳಿದು, ಬೇಸಿಗೆಯ ಹೊತ್ತಿಗೆ ಗೆಡ್ಡೆಯೊಳಗೆ ಸೇರಿ ಅದನ್ನು ತಿಂದು ಟೊಳ್ಳು ಮಾಡುತ್ತದೆ. ಆ ಗಾಯದಿಂದಲೇ ಬ್ಯಾಕ್ಟೀರಿಯಾ ಒಳಹೊಕ್ಕು ಗೆಡ್ಡೆ ಕೊಳೆಯುತ್ತದೆ. ನಾತ ಬರುವುದು ಅದರಿಂದ.

ಪೂರ್ತಿ ಮೆತ್ತಗಾದವನ್ನು ಕಸಕ್ಕೆ ಹಾಕಿ. ಕಾಂಪೋಸ್ಟ್‌ಗೆ ಖಂಡಿತ ಬೇಡ. ಅರ್ಧ ಕೆಟ್ಟಿರುವುದನ್ನು ಗಟ್ಟಿಯಾದ ಬಿಳಿ ತಿರುಳು ಕಾಣುವವರೆಗೆ ಕೊಯ್ದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅದ್ದಿ ತೆಗೆದು, ಕೊಯ್ದ ಭಾಗ ಒಣಗುವವರೆಗೆ ಹೊರಗಿಟ್ಟು ಆಮೇಲೆ ನೆಡಿ. ಪ್ರತಿ ಗೆಡ್ಡೆ ಕೊಯ್ದ ನಂತರ ಚಾಕುವನ್ನೂ ಅದೇ ನೀರಿನಲ್ಲಿ ಅದ್ದಬೇಕು. ಮುಂದಿನ ವರ್ಷದ ಕಾಟ ತಪ್ಪಿಸಲು ಔಷಧಿ ಸಿಂಪಡಿಸುವುದಕ್ಕಿಂತ ಚಳಿಗಾಲದ ಹೊತ್ತಿಗೆ ಒಣಗಿದ ಎಲೆಗಳನ್ನೆಲ್ಲ ಗುಡಿಸಿ ತೆಗೆಯುವುದೇ ಮೇಲು, ಏಕೆಂದರೆ ಮೊಟ್ಟೆಗಳಿರುವುದು ಅಲ್ಲೇ. ಸಾರಜನಕ ಹೆಚ್ಚಿರುವ ಗೊಬ್ಬರ, ಮುಖ್ಯವಾಗಿ ಹುಲ್ಲುಹಾಸಿಗೆ ಹಾಕುವಂಥದ್ದು, ಗಿಡದ ಹತ್ತಿರ ಬೀಳದಿರಲಿ. ಅದರಿಂದ ಗೆಡ್ಡೆ ಎಳಸಾಗಿ ಬೇಗ ಕೊಳೆಯುತ್ತದೆ.

ಪ್ರಶ್ನೆ (ಸದಸ್ಯರು, ಶಿವಮೊಗ್ಗ): ಇದರ ಎಲೆ ನಮ್ಮ ಬಜೆಯ ಎಲೆಯಂತೆಯೇ ಕಾಣುತ್ತದೆ. ಬೇರನ್ನು ಹಾಗೆಯೇ ತೇಯ್ದು ಬಳಸಬಹುದೆ?

ಉತ್ತರ: ದಯವಿಟ್ಟು ಬೇಡ. ನೋಟದಲ್ಲಿ ಹೋಲಿಕೆ ನಿಜ, ಆದರೆ ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಬಜೆಯ ಎಲೆಯನ್ನು ಉಜ್ಜಿದರೆ ಘಮ್ಮೆನ್ನುತ್ತದೆ, ಐರಿಸ್ ಎಲೆಯಲ್ಲಿ ಆ ಪರಿಮಳವಿಲ್ಲ. ಐರಿಸ್‌ನ ಹಸಿ ಗೆಡ್ಡೆ ಹೊಟ್ಟೆಗೆ ಹೋದರೆ ವಾಂತಿ-ಭೇದಿಯಾಗುತ್ತದೆ, ರಸ ತಾಗಿ ಕೆಲವರಿಗೆ ಚರ್ಮವೂ ಉರಿಯುತ್ತದೆ. ಇಟಲಿಯ ಫ್ಲಾರೆನ್ಸ್ ಸುತ್ತ ಕೆಲವು ಜಾತಿಯ ಗೆಡ್ಡೆಗಳನ್ನು ವರ್ಷಗಟ್ಟಲೆ ಒಣಗಿಸಿಟ್ಟು ಸುಗಂಧದ್ರವ್ಯಕ್ಕೆ ಬಳಸುತ್ತಾರೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪ್ರಶ್ನೆ (ಸದಸ್ಯೆ, ಬೆಂಗಳೂರು): ಒಹಾಯೊದಿಂದ ಗೆಡ್ಡೆ ತರಿಸಿದರೆ ನಮ್ಮ ತಾರಸಿಯಲ್ಲಿ ಬರುತ್ತದೆಯೆ?

ಉತ್ತರ: ಎಲೆ ಬಂದೀತು, ಹೂವಿನ ಆಸೆ ಬೇಡ. ಬಿಯರ್ಡೆಡ್ ಐರಿಸ್‌ಗೆ ಚಳಿಗಾಲದ ದೀರ್ಘ ಶೀತ ಬೇಕು; ಕಾಶ್ಮೀರದಲ್ಲಿ ಐರಿಸ್‌ಗಳು ಸಮಾಧಿಗಳ ಮೇಲೂ ಸೊಂಪಾಗಿ ಅರಳುತ್ತವೆ, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಅನುಮತಿಪತ್ರವಿಲ್ಲದೆ ಹೊರದೇಶದಿಂದ ಗೆಡ್ಡೆ ತರುವುದು ಕಾನೂನಿಗೂ ವಿರುದ್ಧ. ನರ್ಸರಿಯಲ್ಲಿ ಬ್ಲ್ಯಾಕ್‌ಬೆರಿ ಲಿಲಿ ಕೇಳಿ ನೋಡಿ. ಕಿತ್ತಳೆ ಬಣ್ಣದ ಮೇಲೆ ಕೆಂಪು ಚುಕ್ಕೆಗಳಿರುವ ಈ ಗಿಡವನ್ನು ಸಸ್ಯಶಾಸ್ತ್ರಜ್ಞರು 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಿದ್ದಾರೆ. ಒಂದು ಹೂ ಒಂದೇ ದಿನ ಬಾಳಿದರೂ ಮೊಗ್ಗುಗಳು ಸಾಲಾಗಿ ಅರಳುತ್ತವೆ. ಬಿಳಿಯೇ ಬೇಕಿದ್ದರೆ ಆಫ್ರಿಕನ್ ಐರಿಸ್ ಇದೆ. ಅದೇ ಕುಟುಂಬದ ಆ ಗಿಡ ಕುಂಡದಲ್ಲೂ ಬರುತ್ತದೆ, ನೀರು ನಿಲ್ಲದಂತೆ ಕುಂಡದ ತಳದ ತೂತು ತೆರೆದಿರಲಿ.